ಕಚ್ಚದ ಮೀನು

“ಅಯ್ಯೋ, ಉಪ್ಪುನೀರು ಸುರೀಬೇಡಿ!”

ಮೀನಿನ ತೊಟ್ಟಿಗೆ ಬಕೆಟ್ ಎತ್ತಿದ್ದ ತಮ್ಮನ ಕೈಯನ್ನು ಅಪರಿಚಿತ ಹೆಂಗಸೊಬ್ಬಳು ತಡೆದು ಹಿಡಿದಳು. ಗಂಡನ ಶವದ ಪಕ್ಕ ಕೂತಿದ್ದ ಅವನ ಅಕ್ಕ ತಲೆಯೆತ್ತಿದಳು.

“ಸಮುದ್ರದ ಮೀನಲ್ವೇನ್ರೀ? ನೀರು ಇಳಿದಿದೆ. ಭಾವ ಇದ್ದಿದ್ರೆ ತುಂಬಿಸ್ತಿದ್ರು.”

“ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಸಿಹಿನೀರೇ ತುಂಬಬೇಕು.” ಹೇಳುತ್ತಲೇ ಅವಳು ಯಾರನ್ನೂ ಕೇಳದೆ ಮೆಟ್ಟಿಲಡಿಯ ಕಪಾಟು ತೆರೆದು ಕ್ಯಾನು ತಂದಳು.

“ಯಾರು ಅತ್ತಿಗೆ ಇವಳು?” ನಾದಿನಿ ಪಿಸುಗುಟ್ಟಿದಳು. “ಕಣ್ಣು ಕಟ್ಟಿ ಬಿಟ್ರೂ ಮನೆಯೆಲ್ಲಾ ಓಡಾಡ್ತಾಳೆ.”

ಅತ್ತಿಗೆಯ ಕಣ್ಣು ತೊಟ್ಟಿಯ ಮೇಲೇ ಇತ್ತು. ಹೆಂಗಸು ಕುರ್ತಾದ ತೋಳು ಮಡಚಿ, ವಾಲಿದ್ದ ಪಂಪನ್ನು ನೆಟ್ಟಗೆ ಮಾಡಲು ನೀರಿಗೆ ಕೈಯಿಳಿಸಿದ್ದಳು. ಹೂವಿನಂಥ ಕಡಲಜೀವಿ ಅನಿಮೋನ್‌ನ ತೂಗಾಡುವ ಎಳೆಗಳ ನಡುವಿನಿಂದ ದೊಡ್ಡ ಕ್ಲೌನ್ ಮೀನು ಹೊರಬಂತು. ಜೋಡಿಯಲ್ಲಿ ದೊಡ್ಡದೇ ಹೆಣ್ಣು. ತನ್ನ ಜಾಗಕ್ಕೆ ಬಂದ ಕೈಯನ್ನು ಅದು ಕಚ್ಚದೆ ಬಿಡುವುದಿಲ್ಲ. ಈಗ ಮಾತ್ರ ಆ ಮಣಿಕಟ್ಟನ್ನು ಒಮ್ಮೆ ಸುತ್ತಿ, ಸುಮ್ಮನೆ ಒಳಸರಿಯಿತು.

*

ಹಿಂದೊಮ್ಮೆ ತೊಟ್ಟಿಯ ಗಾಜು ಒರೆಸಲು ಹೋಗಿ ಹೆಂಡತಿಯೇ ಕಚ್ಚಿಸಿಕೊಂಡಿದ್ದಳು.

“ಈ ಮನೆ ಯಜಮಾನಿಗೇ ಕಚ್ಚುತ್ತಲ್ಲ ನಿಮ್ಮ ಮಹಾರಾಣಿ!”

ಗಂಡ ನಕ್ಕಿದ್ದ. “ಅದಕ್ಕೆ ಯಜಮಾನಿ ಗಿಜಮಾನಿ ಗೊತ್ತಿಲ್ಲ ಕಣೇ. ದಿನಾ ಬರೋ ಕೈ ಗೊತ್ತು. ಇಲ್ಲೀತನಕ ನಂದೊಂದನ್ನೇ ಬಿಟ್ಟಿರೋದು.”

*

ಅವಳು ಶವದ ಪಕ್ಕದಿಂದ ಎದ್ದು ತೊಟ್ಟಿಯ ಬಳಿ ಬಂದಳು.

“ದಿನಾ ಬರ್ತಿದ್ರಾ?”

ಹೆಂಗಸು ಬೆಚ್ಚಿ ತಿರುಗಿದಳು. “ನಂದು ಅಕ್ವೇರಿಯಂ ಅಂಗಡಿ...”

“ಅದನ್ನ ಕೇಳಲಿಲ್ಲ. ನಾನು ಆಫೀಸಿಗೆ ಹೋದಮೇಲೆ ತಾನೇ?”

“ಹೂಂ.”

ನಾದಿನಿ ಥಟ್ಟನೆ ಇತ್ತ ತಿರುಗಿದಳು.

“ಅವರ ಬೆರಳುಗಳ ಸ್ಪರ್ಶ ಹೋಗಿತ್ತು ಅಕ್ಕ. ಏನೋ ನರದ ತೊಂದರೆ. ತೊಟ್ಟಿಯೊಳಗಿನ ಹವಳ ಹಿಡಿದ್ರೆ ಮುರಿದದ್ದೂ ತಿಳೀತಿರಲಿಲ್ಲ. ಅದಕ್ಕೇ ನನ್ನ ಕರೆದ್ರು.”

ಅವಳು ತನ್ನ ಕೈಯನ್ನೇ ನೋಡಿಕೊಂಡಳು. ನಿನ್ನೆ ಸಂಜೆಯೂ ಗಂಡ ಅದನ್ನು ಹಿಡಿದುಕೊಂಡಿದ್ದ.

“ನನಗ್ಯಾಕೆ ಹೇಳಲಿಲ್ಲ?”

“ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ರು.”

“ನಿಮಗೆ ಹೇಳಿದ್ರಲ್ಲ.” ಅವಳ ದನಿ ತಗ್ಗಿತು. “ಯಾವಾಗಿಂದ ಇದು?”

“ಇತ್ತೀಚೆಗೆ. ಈ ಬೇಸಿಗೆಯಿಂದ.”

ಹೊರಗೆ ವಾಹನ ಬಂದ ಸದ್ದಾಯಿತು. ಶವ ಎತ್ತುವವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಹೆಂಗಸು ಒದ್ದೆಗೈ ಒರೆಸಿಕೊಂಡು, ಚೀಲದಿಂದ ಮನೆಯ ಕೀ ತೆಗೆದು ತೊಟ್ಟಿಯ ಮುಚ್ಚಳದ ಮೇಲಿಟ್ಟಳು.

ಹೆಂಡತಿ ಅದನ್ನೆತ್ತಿಕೊಂಡು, ಸೆರಗಿಗೆ ಗಂಟುಹಾಕಿದ್ದ, ಮದುವೆಯಾದಾಗಿನಿಂದ ಬಳಸುತ್ತಿದ್ದ ತನ್ನ ಕೀಯನ್ನೂ ಬಿಚ್ಚಿ, ಎರಡನ್ನೂ ಒಟ್ಟಿಗೆ ತೊಟ್ಟಿಯ ನೀಲಿ ಬೆಳಕಿಗೆ ಹಿಡಿದಳು. ಎರಡರ ಹಲ್ಲುಗಳೂ ಒಂದೇ ಸಮನಾಗಿ ಸವೆದಿದ್ದವು.