ಕರಿನಾಲಿಗೆಯ ಬೂನಪ್ಪ

ವೆಂಕಟ್ ಕೆಲಸ ಮಾಡುವ ವೇಮಗಲ್ಲಿನ ಫ್ಯಾಕ್ಟರಿಯ ಮ್ಯಾನೇಜರಿಗೆ ವರ್ಗವಾಯಿತು. ಹೋಗುವಾಗ ಅವರು ಸಾಕಿದ ನಾಯಿಯನ್ನು ವೆಂಕಟ್‌ಗೆ ಕೊಟ್ಟು ಹೋದರು. ಕರಡಿಮರಿಯ ಹಾಗೆ ಮೈತುಂಬ ಕೆಂಚು ಕೂದಲು, ಸುಕ್ಕು ಮುಖ. ಚೀನಾದ ಬಹಳ ಹಳೆಯ ತಳಿ, ಚೌಚೌ ಎನ್ನುತ್ತಾರಂತೆ. ಉಪ್ಪಿಟ್ಟು ಕೇಸರಿಬಾತಿನ ಹೆಸರು ನಾಯಿಗೇಕೆ ಎಂದು ವೆಂಕಟ್‌ನ ತಾಯಿ ಆವಲಮ್ಮ ನಕ್ಕಳು. ಮ್ಯಾನೇಜರು ಇಟ್ಟ ಬ್ರೂನೋ ಎಂಬ ಹೆಸರು ಕರೆಯಲು ಬಾರದೆ ಬೂನಪ್ಪ ಎಂದಳು.

ಆ ನಗು ನಾಯಿ ಆಕಳಿಸುವ ತನಕ ಮಾತ್ರ. ಅದರ ನಾಲಿಗೆ ನೇರಳೆಹಣ್ಣು ತಿಂದಂತೆ ಕಪ್ಪಗಿತ್ತು. ನಾಲಿಗೆಯ ಮೇಲೊಂದು ಮಚ್ಚೆ ಇದ್ದರೇ ಸಾಕು, ಅಂಥವರು ಆಡಿದ ಕೆಟ್ಟ ಮಾತು ನಿಜವಾಗುತ್ತದೆ ಎಂದು ನಂಬುವ ಊರು ಅದು. ಇನ್ನು ನಾಲಿಗೆಯೆಲ್ಲ ಕಪ್ಪಾದ ಪ್ರಾಣಿ ಬೊಗಳಿದರೆ ಗತಿ ಏನು? ಸೊಸೆ ಶ್ರುತಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಈ ತಳಿಯ ನಾಲಿಗೆ ಇರುವುದೇ ಹಾಗೆ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಆವಲಮ್ಮ ನೋಡಿದಳು, ನಂಬಲಿಲ್ಲ.

ಬೂನಪ್ಪನದು ಗೌಡರ ಗತ್ತು. ಕರೆದರೆ ಬರುತ್ತಿರಲಿಲ್ಲ, ಬಾಲ ಆಡಿಸುತ್ತಿರಲಿಲ್ಲ, ಬೊಗಳುವುದಂತೂ ಅಪರೂಪ. ಸೆಕೆ ತಾಳಲಾರದೆ ಬಚ್ಚಲ ತಣ್ಣನೆಯ ನೆಲದ ಮೇಲೆ ಬಿದ್ದಿರುತ್ತಿತ್ತು. ಮೂರು ವಾರ ಶ್ರುತಿಗೂ ಬೆನ್ನು ತೋರಿಸಿಯೇ ಮಲಗಿತು. ಒಂದು ಸಂಜೆ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ತಾನಾಗಿ ಬಂದು ಅವಳ ಪಾದದ ಮೇಲೆ ತಲೆಯಿಟ್ಟಿತು. ಅಂದಿನಿಂದ ಅವಳ ಕೈಯ ಅನ್ನ ಬಿಟ್ಟು ಬೇರೆಯವರದು ಮುಟ್ಟಲಿಲ್ಲ. ಯಾರಿಗೂ ಸಲ್ಲದ್ದು ತನ್ನೊಬ್ಬಳಿಗೆ ಸಂದಿತೆಂದು ಶ್ರುತಿಗೆ ಒಳಗೊಳಗೇ ಹೆಮ್ಮೆ.

ಆಮೇಲೊಂದು ದಿನ ಪಕ್ಕದ ಮನೆಯ ಆಂಜಿನಪ್ಪನನ್ನು ಕಂಡು ಅದು ಬೊಗಳಿತು. ಮರುದಿನ ಅವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಹಾಲಿನ ಡೈರಿಗೆ ಹೊರಟಿದ್ದ ಶಾಮಲಮ್ಮನನ್ನು ಕಂಡು ಬೊಗಳಿತು, ಅವಳ ಗಬ್ಬದ ಹಸು ಕಂದು ಹಾಕಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೇ ಎಂದು ಶ್ರುತಿ ವಾದಿಸಿದಳು. ಊರ ಬಾಯಿಗೆ ಬೀಗ ಹಾಕಲಾದೀತೇ? ಹೆಂಗಸರು ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು. ನಾಯಿಯನ್ನು ಕಳಿಸೆಂದು ಆವಲಮ್ಮ ದಿನವೂ ಪೀಡಿಸಿದಳು, ಶ್ರುತಿ ಜಗ್ಗಲಿಲ್ಲ.

ಆಷಾಢದಲ್ಲಿ ಶ್ರುತಿಯ ನಾಲ್ಕು ವರ್ಷದ ಮಗಳು ಸಹನಳಿಗೆ ಜ್ವರ ಬಂತು. ಎತ್ತಿಕೊಂಡು ಆಟೋ ಹತ್ತುವಾಗ ಬೂನಪ್ಪ ಹೊಸಿಲಲ್ಲಿ ನಿಂತು ಎರಡು ಸಲ ಬೊಗಳಿತು. ಶ್ರುತಿ ತನ್ನನ್ನು ಬಿಟ್ಟು ಹೋಗುತ್ತಾಳೆಂಬ ಸಂಕಟಕ್ಕೋ ಏನೋ, ಅದರ ಮನಸ್ಸು ಯಾರಿಗೆ ಗೊತ್ತು. ಕೋಲಾರದ ಆಸ್ಪತ್ರೆಯಲ್ಲಿ ಡೆಂಗಿ ಎಂದರು. ಮೂರನೆಯ ದಿನ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಶ್ರುತಿ ವಾರ್ಡಿನ ಹೊರಗೆ ಬಂದು ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು.

"ರೀ, ಆ ನಾಯಿನ ಎಲ್ಲಾದ್ರೂ ಬಿಟ್ ಬನ್ನಿ. ಇವತ್ತೇ."

"ನೀನಾ ಈ ಮಾತಾಡ್ತಿರೋದು?"

"ಸೊಳ್ಳೆಯಿಂದ ಬಂದಿರೋದು ಅಂತ ನಂಗೂ ಗೊತ್ತು ಕಣ್ರೀ. ಆದ್ರೂ ಬಿಟ್ ಬನ್ನಿ."

ವೆಂಕಟ್ ಅದನ್ನು ರಾಯಲ್ಪಾಡಿನಲ್ಲಿ ಮಾವಿನ ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಕದಿರೇಶನ ಬಳಿ ಬಿಟ್ಟು ಬಂದ. ಮರುದಿನದಿಂದ ಪ್ಲೇಟ್‌ಲೆಟ್ ಏರಿತು. ಡೆಂಗಿಯಲ್ಲಿ ಅದು ಇಳಿದು ಏರುವುದೇ ಕ್ರಮ. ಡಾಕ್ಟರೂ ಅದನ್ನೇ ಹೇಳಿದರು. ಆದರೆ ಮಗು ಮನೆಗೆ ಬಂದಾಗ ಊರಿಗೆ ಊರೇ, ನಾಯಿ ತೊಲಗಿತು ಮಗು ಉಳಿಯಿತು ಎಂದಿತು. ಆವಲಮ್ಮ ಸೊಸೆಯ ಬುದ್ಧಿಯನ್ನು ಮೊದಲ ಸಲ ಹೊಗಳಿದಳು. ಅಲ್ಲ ಎನ್ನಲು ಶ್ರುತಿಗೆ ಯಾವ ಬಾಯಿ? ಕಳಿಸಿದವಳು ಅವಳೇ. ಬಿಳಿಚಿಕೊಂಡ ಮಗಳನ್ನು ನೋಡಿದಾಗಲೆಲ್ಲ, ವಾಪಸ್ ಕರೆಸೋಣ ಎಂಬ ಮಾತನ್ನು ಅವಳು ನಾಳೆಗೆ ಮುಂದೂಡುತ್ತಿದ್ದಳು.

ಭಾನುವಾರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ಕುಡಿಸುತ್ತಿದ್ದಾಗ ಕದಿರೇಶನ ಫೋನ್ ಬಂತು.

"ಅತ್ತಿಗೆ, ಬೂನಪ್ಪ ಒಂದ್ ವಾರದಿಂದ ಏನೂ ತಿಂದಿಲ್ಲ. ಈಗ ಏಳೋಕೂ ಆಗ್ತಿಲ್ಲ. ಫೋನ್ ಅದರ ಕಿವಿಗಿಡ್ತೀನಿ, ಒಂದ್ಸಲ ಕರೀರಿ. ನಿಮ್ ದನಿ ಕೇಳಿದ್ರಾದ್ರೂ ತಿನ್ನುತ್ತೇನೋ."

ಆ ಕಡೆ ಏದುಸಿರು ಕೇಳಿಸಿತು. ಕರೆದರೆ ಅದು ತಿಂದೀತು, ಬದುಕೀತು. ಶ್ರುತಿ ಬಾಯಿ ತೆರೆದಳು. ಕರೆದ ಸಂತೋಷಕ್ಕೆ ಅದು ಬೊಗಳಿಬಿಟ್ಟರೆ? ಮಗು ತೊಡೆಯ ಮೇಲಿತ್ತು.

ಅವಳು ಅಳುತ್ತಲೇ ಫೋನ್ ಕಟ್ ಮಾಡಿದಳು.