ಬೆನ್ನಿಗೆ ಒತ್ತುವ ಕುರ್ಚಿ

ಪಂಪಣ್ಣನನ್ನು ಕೂರಿಸಿ ಕೈ ಬಿಡುವಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಚಟ್ಟನೆ ಸೀಳಿತು. ಇಬ್ಬರು ರಟ್ಟೆ ಹಿಡಿದು ತಡೆಯದಿದ್ದರೆ ಅವನು ತನ್ನ ಸಾವಿನ ದಿನವೇ, ತನ್ನದೇ ಅಂಗಳದಲ್ಲಿ, ಬಂದವರೆಲ್ಲರ ಎದುರು ಹಿಂದಕ್ಕೆ ಉರುಳುತ್ತಿದ್ದ.

"ಮೆಲ್ಲಕ, ಮೆಲ್ಲಕ!" ಎಂದರು ವಿಶ್ವರಾಧ್ಯ ಅಯ್ಯನವರು, ವಿಭೂತಿಯ ತಟ್ಟೆ ಬದಿಗಿಟ್ಟು. "ಕೈ ಇರೋ ಕಟ್ಟಿಗಿ ಕುರ್ಚಿ ತರ್ರಿ. ಇದರಾಗ ನಿಲ್ಲಂಗಿಲ್ಲ ಅವ."

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕುಳ್ಳಿರಿಸಿಯೇ ಮಣ್ಣಿಗೆ ಒಯ್ಯಬೇಕು. ರಂಗಂಪೇಟೆ, ಸುರಪುರದ ಎಷ್ಟೋ ಮನೆಗಳಿಗೆ ಮಂಚ, ಕಪಾಟು, ಕುರ್ಚಿ ಮಾರಿದ ಮನುಷ್ಯನ ಮನೆಯಲ್ಲಿ ಅವನು ಕೂರಲು ಗಟ್ಟಿಯಾದ ಒಂದು ಕುರ್ಚಿ ಇರಲಿಲ್ಲ.

"ಎಂಥಾ ಯಾಪಾರ ಮಾಡಿದೋ ತಮ್ಮಾ, ನಿನಗಂತ ಒಂದ್ ಕುರ್ಚಿ ಉಳಿಸಿಕೊಳ್ಳಲಿಲ್ಲಲ್ಲೋ!" ಎಂದು ಅಕ್ಕ ಗೊಲ್ಲಾಳಮ್ಮ ಹಾಡಿಕೊಂಡು ಅತ್ತಳು. ಗಂಡಸರಲ್ಲಿ ಕೆಲವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅದು ಅಳುವೇ ಎಂದು ಹೇಳುವಂತಿರಲಿಲ್ಲ.

ಓಣಿಯ ತುದಿಯ ಟೇಲರ್ ಲಾಡ್ಲೇಸಾಬ ಎದ್ದು ಹೋದವನು, ತನ್ನ ಅಂಗಡಿಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಂದ. ತೇಗದ ಕುರ್ಚಿ, ಬೆತ್ತದ ಬೆನ್ನು, ಅಂಗೈ ಅಗಲದ ಕೈಗಳು. ಹೆಂಗಸರ ನಡುವೆ ಕೂತಿದ್ದ ಮಲ್ಲೇಶ್ವರಿ ಅದನ್ನು ಕಂಡಳು. ಗಂಡ ಬೆಳಗ್ಗೆ ಏಳಲಿಲ್ಲ ಎಂದು ಗೊತ್ತಾದಾಗಿನಿಂದ ಅಳುತ್ತಿದ್ದವಳು ಥಟ್ಟನೆ ಸುಮ್ಮನಾದಳು.

"ಯವ್ವಾ, ಏನಾತು?" ಯಾದಗಿರಿಯಿಂದ ಬಂದ ಮಗಳು ಉಮಾಶ್ರೀ ಹೆದರಿ ತಾಯಿಯ ಭುಜ ಹಿಡಿದಳು.

"ಏನಿಲ್ಲ. ಕುರ್ಚಿ ಬಂತು."

\* \* \*

ಪಂಪಣ್ಣನ ವ್ಯಾಪಾರಕ್ಕೆ ಅಂಗಡಿಯಿರಲಿಲ್ಲ, ಬೋರ್ಡಿರಲಿಲ್ಲ. ಒಂದು ಹಳೆಯ ವ್ಯಾನಿತ್ತು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನೀರಾವರಿ ಸಾಹೇಬರಿಗೆ ವರ್ಗವಾದಾಗ ಲಾರಿಗೆ ಹೇರದೆ ಬಿಟ್ಟ ಸಾಮಾನೆಲ್ಲ ಅದನ್ನು ಹತ್ತುತ್ತಿತ್ತು. ಭಾನುವಾರ ರಂಗಂಪೇಟೆಯ ಸಂತೆಯ ಅಂಚಿನಲ್ಲಿ ಡಿಕ್ಕಿ ಎತ್ತಿ ಕುಕ್ಕರು, ಮಿಕ್ಸಿ, ಟೇಬಲ್ ಫ್ಯಾನು ಹರವಿದನೆಂದರೆ ಮಂದಿ ಮುಕುರಿಕೊಳ್ಳುತ್ತಿದ್ದರು. ಅವನು ಕೂಗುತ್ತಿದ್ದುದು ಒಂದೇ ಮಾತು.

"ಸುಳ್ಳು ಹೇಳಂಗಿಲ್ರಿ. ನಮ್ಮ ಮನ್ಯಾಗ ವಾಪರಿಸಿ ನೋಡೀವಿ. ನಮ್ಮಾಕಿ ಛಲೋ ಅದ ಅಂದಮ್ಯಾಲೇ ನಿಮ್ಮ ಮುಂದ ಇಟ್ಟೀನಿ!"

ಆ ಮಾತು ನಿಜವೂ ಆಗಿತ್ತು. ಬಂದ ಸಾಮಾನು ಮೊದಲು ಮಲ್ಲೇಶ್ವರಿಯ ಕೈಗೆ. ಅವಳು ಕುಕ್ಕರಿನಲ್ಲಿ ಬೇಳೆ ಕುದಿಸಿ, ಮಿಕ್ಸಿಯಲ್ಲಿ ಶೇಂಗಾ ಪುಡಿ ಮಾಡಿ, ಛಲೋ ಅದ ಎಂದರೆ ಮುಗಿಯಿತು, ಅದು ಭಾನುವಾರ ಮನೆ ಬಿಟ್ಟಿತೆಂದೇ ಲೆಕ್ಕ. ಸೋರುವ ಫ್ಲಾಸ್ಕು, ಸೀಟಿ ಹೊಡೆಯದ ಕುಕ್ಕರು, ಒಂದೇ ಕಡೆ ಕತ್ತು ತಿರುಗಿಸುವ ಫ್ಯಾನು ಮಾತ್ರ ಉಳಿಯುತ್ತಿದ್ದವು. ಊರಿಗೆ ಅವಳ ಮೆಚ್ಚುಗೆ ಹೋಯಿತು, ಮನೆಗೆ ಅವಳು ಬೇಡವೆಂದದ್ದು ಬಂತು. ಇದು ನ್ಯಾಯವೇ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಉಮಾಶ್ರೀ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈ ತೇಗದ ಕುರ್ಚಿ ಬಂದಿತ್ತು. ಪಂಪಣ್ಣ ಅದನ್ನು ಬಾಗಿಲ ಬಳಿ ಇಟ್ಟು, "ಕುಂತು ನೋಡು" ಎಂದ. ಒಲೆಯ ಮುಂದೆ ನೆಲದ ಮೇಲೆ ಕೂತೇ ಅರ್ಧ ಆಯುಷ್ಯ ಕಳೆದವಳು ಕುರ್ಚಿಯ ಕೈಗಳ ಮೇಲೆ ಕೈಯಿಟ್ಟು ಒರಗಿದಳು. ಓಣಿಯೆಲ್ಲ ಕಣ್ಣ ಮಟ್ಟಕ್ಕೆ ಬಂತು. ಅವನು ಹೊಸ್ತಿಲ ಮೇಲೆ ಕೂತು ಫ್ಯಾನಿನ ಸ್ಕ್ರೂ ಬಿಗಿಯುತ್ತ, ಕ್ಯಾಂಪಿನ ಸಾಹೇಬರೊಬ್ಬರ ಹೆಂಡತಿ ಈ ಕುರ್ಚಿ ಬಿಟ್ಟುಹೋಗಲಾರದೆ ಅತ್ತದ್ದನ್ನು ಹೇಳಿದ. ಆಮೇಲೆ ಏನೇನೋ ಮಾತು. ಗಂಡ ಯಾವ ಅವಸರವೂ ಇಲ್ಲದೆ ಪಕ್ಕದಲ್ಲಿ ಕೂತಿದ್ದು ಅವಳಿಗೆ ನೆನಪಿರುವಂತೆ ಅದೇ ಮೊದಲು. ಆ ವಾರವಿಡೀ ಸಂಜೆಯಾದರೆ ಅವಳು ಕುರ್ಚಿಗೆ, ಅವನು ಹೊಸ್ತಿಲಿಗೆ.

ಶನಿವಾರ ಅವನು ಕೇಳಿದ: "ಹ್ಯಾಂಗದ ಕುರ್ಚಿ?"

ಛಲೋ ಎಂದರೆ ನಾಳೆಯೇ ಹೋಗುತ್ತದೆ. ಕೆಟ್ಟದ್ದಾದರೆ ಫ್ಲಾಸ್ಕಿನ ಜೊತೆ ಉಳಿಯುತ್ತದೆ.

"ಬೆನ್ನಿಗೆ ಒತ್ತತದ" ಎಂದಳು ಮಲ್ಲೇಶ್ವರಿ. ಆ ಮನೆಯಲ್ಲಿ ಅವಳು ಆಡಿದ ದೊಡ್ಡ ಸುಳ್ಳು ಅದು.

ಭಾನುವಾರ ವನದುರ್ಗದ ತಂಗಿಯ ಮನೆಗೆ ಹೋಗಿ ಬಂದವಳಿಗೆ ಬಾಗಿಲ ಬಳಿ ಖಾಲಿ ಜಾಗ ಕಂಡಿತು.

"ಲಾಡ್ಲೇಸಾಬಗ ಕೊಟ್ಟೆ" ಎಂದ ಪಂಪಣ್ಣ. "ಬೆನ್ನಿಗೆ ಒತ್ತತದ ಅಂತ ಹೇಳೇ ಕೊಟ್ಟೀನಿ, ಮುಚ್ಚಿಟ್ಟಿಲ್ಲ. ಫ್ಲಾಸ್ಕ್ ಸೋರಿದ್ರ ನೆಲ ಒರಸಬಹುದು. ನಿನಗ ನೋವು ಮಾಡೋದು ಮನ್ಯಾಗ ಯಾಕಿರಬೇಕು?"

ಹೇಳಿ ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದ. ಪ್ರೀತಿಯೇ ಹೀಗೆ ಕೈ ಕೊಟ್ಟರೆ ಯಾರನ್ನು ಬೈಯುವುದು? ಅವಳು ರೊಟ್ಟಿ ಬಡಿಸಿದಳು. ಅವನು ಹೊಸ್ತಿಲ ಮೇಲೆ ಕೂರುವುದೂ ಅಂದಿಗೇ ನಿಂತಿತು, ಎದುರಿಗೆ ಕುರ್ಚಿಯೇ ಇಲ್ಲವಲ್ಲ.

ಆಮೇಲೆ ಕುಪ್ಪಸ ಹೊಲಿಸುವ ನೆವದಲ್ಲಿ ಅವಳು ಲಾಡ್ಲೇಸಾಬನ ಅಂಗಡಿಗೆ ಹೋಗುತ್ತಿದ್ದಳು. "ಕುಂದರ್ರಿ ವೈನಿ" ಎಂದು ಅವನು ಕುರ್ಚಿ ತೋರಿಸುತ್ತಿದ್ದ. ಬೆನ್ನಿಗೆ ಒತ್ತುತ್ತದೆಂದು ಊರಿಗೇ ಗೊತ್ತಾದ ಕುರ್ಚಿಯಲ್ಲಿ ಅವಳು ಯಾವ ಮುಖ ಹೊತ್ತು ಕೂರಬೇಕು? "ಒಲ್ಲೆಪ್ಪ" ಎಂದು ನಿಂತೇ ಅಳತೆ ಹೇಳಿ, ಬೆತ್ತದ ಮೇಲೊಮ್ಮೆ ಕಣ್ಣಾಡಿಸಿ ಬರುತ್ತಿದ್ದಳು.

\* \* \*

ಬಾಗಿಲ ಮುಂದಿಟ್ಟ ತೇಗದ ಕುರ್ಚಿಯಲ್ಲಿ ಪಂಪಣ್ಣ ನೆಟ್ಟಗೆ ಕೂತ. ಹಣೆಗೆ ಬಟ್ಟೆ ಕಟ್ಟಿ, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟರು.

"ಈಗ ನೋಡ್ರಿ, ಹ್ಯಾಂಗ ಕುಂತಾನ ಸಾಹೇಬನಂಗ" ಎಂದರು ಯಾರೋ.

ಭಜನೆಯವರು ತಾಳ ಎತ್ತಿಕೊಂಡರು. ಮಲ್ಲೇಶ್ವರಿ ಹೆಂಗಸರ ಗುಂಪಿನಿಂದ ಎದ್ದು ಬಂದು ಹೊಸ್ತಿಲ ಮೇಲೆ, ಅವನ ಕಾಲಿನ ಹತ್ತಿರ ಕೂತಳು. ಇಷ್ಟು ವರ್ಷ ಅವಳು ಬಯಸಿದ್ದು ಹೆಚ್ಚುಕಡಿಮೆ ಇದೇ. ಜಾಗ ಅದಲುಬದಲಾಗಿತ್ತು, ಮಾತಾಡುವವನು ಇರಲಿಲ್ಲ, ಅಷ್ಟೇ. ಈ ಮಧ್ಯಾಹ್ನ ಹೀಗೇ ನಿಂತುಬಿಡಲಿ ಎಂದು ಅವಳ ಜೀವ ಬೇಡಿತು.

"ಹೊತ್ತಾತು, ಏಳ್ರಿ" ಎಂದರು ಅಯ್ಯನವರು.

ಅವನನ್ನು ಕುರ್ಚಿಯಿಂದ ಎತ್ತಿ, ಹೂ ಸುತ್ತಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಗಂಡಸರು ಹೆಗಲು ಕೊಟ್ಟರು. ತಾಳದ ಸದ್ದು ಓಣಿ ತಿರುಗಿ, ನಾಳಿನ ಸಂತೆಗೆಂದು ತುಂಬಿಟ್ಟಿದ್ದ ವ್ಯಾನನ್ನು ದಾಟಿ ದೂರವಾಯಿತು. ಅಂಗಳದಲ್ಲಿ ಕುರ್ಚಿ ಉಳಿಯಿತು.

ಗೊಲ್ಲಾಳಮ್ಮ ಕಸಬರಿಗೆ ಹಿಡಿದು ನಿಂತಳು. "ಅದನ್ನ ಒಳಗ ತರಬ್ಯಾಡ್ರಿ ಮತ್ತ. ಹೆಣ ಕುಂತ ಕುರ್ಚಿ. ಗಂಡಸರು ಬಂದಮ್ಯಾಲ ಹಳ್ಳದ ಕಡಿ ಒಗದು ಬರ್ಲಿ."

ಮಲ್ಲೇಶ್ವರಿ ಕೇಳಿಸಿಕೊಂಡಳು. ಇಷ್ಟಪಟ್ಟದ್ದನ್ನು ಬೇಕು ಎಂದು ಬಾಯಿಬಿಟ್ಟು ಕೇಳುವುದು ಅವಳಿಗೆ ಮರೆತೇಹೋಗಿತ್ತು.

ಮಣ್ಣು ಕೊಟ್ಟು ಎಲ್ಲರೂ ಮರಳಿದಾಗ ಬಿಸಿಲು ಇಳಿದಿತ್ತು. ಲಾಡ್ಲೇಸಾಬ ಕುರ್ಚಿಯ ಹತ್ತಿರ ಬಂದು ನಿಂತ. ಗೊಲ್ಲಾಳಮ್ಮ ಹಳ್ಳದ ಮಾತನ್ನು ಮತ್ತೊಮ್ಮೆ ಹೇಳಿದಳು.

"ಖರೆ ಅದವ್ವ" ಎಂದ ಅವನು. "ಅಂಗಡಿಗೆ ಒಯ್ದರ ಗಿರಾಕಿ ಕುಂದ್ರಂಗಿಲ್ಲ. ಸಂತ್ಯಾಗ ಇಟ್ಟರೂ ಇನ್ನ ಇದನ್ನ ಯಾರೂ ಕೊಳ್ಳಂಗಿಲ್ಲ." ಹೇಳುತ್ತ ಕುರ್ಚಿಯನ್ನು ಹೆಗಲಿಗೆ ಏರಿಸಿಕೊಂಡ.

"ಲಾಡ್ಲೇಸಾಬ, ಇಡದನ್ನ."

ಎಲ್ಲರೂ ತಿರುಗಿ ನೋಡಿದರು. ಮಲ್ಲೇಶ್ವರಿ ಎದ್ದು ನಿಂತಿದ್ದಳು.

"ನನಗ ಬೇಕದು."

"ಯವ್ವಾ, ಹಾಂಗ ಅನಬ್ಯಾಡ" ಎಂದಳು ಉಮಾಶ್ರೀ. "ನಾ ಹೊಸಾದು ತಂದು ಕೊಡ್ತೀನಿ. ಕಾಕಾ ಹೇಳಿದ್ದು ಕೇಳಿದಿಲ್ಲ? ಯಾರೂ ಕೊಳ್ಳಂಗಿಲ್ಲ ಅದನ್ನ."

"ಕೇಳೀನಿ. ಅದಕ್ಕೇ ಬೇಕು."

ಲಾಡ್ಲೇಸಾಬ ಕುರ್ಚಿ ಇಳಿಸಿದ. ಅವಳು ಅದನ್ನು ತಾನೇ ಎಳೆದು ಬಾಗಿಲ ಬಳಿ ತಂದಳು, ಗೋಡೆಗೆ ಸರಿಸಿದಳು, ಸೆರಗು ತಲೆಯ ಮೇಲೆಳೆದು ಕೂತಳು. ಕುರ್ಚಿಯ ಕೈಗಳ ಮೇಲೆ ಕೈಯಿಟ್ಟಾಗ ಅಲ್ಲಿ ಉಳಿದಿದ್ದ ವಿಭೂತಿ ಅವಳ ಮೊಣಕೈತನಕ ಮೆತ್ತಿತು. ಅವಳು ಒರೆಸಿಕೊಳ್ಳಲಿಲ್ಲ. ಗೊಲ್ಲಾಳಮ್ಮ ಕಸಬರಿಗೆ ಮೂಲೆಗಿಟ್ಟಳು.

"ಯವ್ವಾ, ಜಳಕಕ್ಕ ನೀರ್ ಕಾದಾವ, ಬಾ" ಎಂದು ಒಳಗಿನಿಂದ ಉಮಾಶ್ರೀ ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದಳು. ಹಂಡೆಯ ನೀರು ಆರುತ್ತಿತ್ತು. ಮಲ್ಲೇಶ್ವರಿ ಖಾಲಿ ಹೊಸ್ತಿಲ ಕಡೆ ಕೊಂಚ ವಾಲಿ, ಯಾರದೋ ಮಾತು ಕೇಳುವವಳಂತೆ ಕೂತೇ ಇದ್ದಳು.