ಜೋಮು ಹಿಡಿದ ಹೆಬ್ಬೆರಳು

ನಾನು ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವವನು. ಕಡೆದ ಶಾಫ್ಟು ನುಣುಪಾಗಿದೆಯೋ ಇಲ್ಲವೋ ಎಂದು ಹೇಳಲು ನನಗೆ ಯಾವ ಸಾಧನವೂ ಬೇಕಿರಲಿಲ್ಲ, ಹೆಬ್ಬೆರಳು ಸಾಕಿತ್ತು. ಇಪ್ಪತ್ತೆರಡು ವರ್ಷ ಆ ಬೆರಳೇ ನನಗೆ ಅನ್ನ ಹಾಕಿದೆ. ಈಗ ಅದಕ್ಕೆ ಜೋಮು. ಅಂಗಿಯ ಗುಂಡಿ ಹಾಕುವುದಕ್ಕೂ ಬಗ್ಗಿ ನೋಡಬೇಕು.

ವರ್ಕ್‌ಶಾಪು ನನ್ನ ಮಾವನದು. ನಮ್ಮ ಮನೆ ಅದರ ಮಹಡಿಯಲ್ಲಿ. ಜಗಳವಾಡಿ ಹೊರಟುಹೋಗೋಣವೆಂದರೆ ಇಳಿಯುವ ಮೆಟ್ಟಿಲೂ ಅವರ ಕುರ್ಚಿಯ ಪಕ್ಕದಲ್ಲೇ.

ಮಾವನದೊಂದು ನಿಯಮವಿದೆ. ಬೆಳಿಗ್ಗೆ ಮೆಷಿನ್ ಚಾಲೂ ಮಾಡುವ ಮೊದಲು ಕೆಲಸದ ನಾವು ಐದೂ ಜನ ಸಾಲಾಗಿ ನಿಂತು, ಅವರ ಕೈಯಿಂದ ವಿಟಮಿನ್ ಮಾತ್ರೆ ಇಸಿದುಕೊಂಡು ಅವರೆದುರೇ ನುಂಗಬೇಕು. ಅತ್ತೆ ನಿಶ್ಶಕ್ತಿಯಿಂದ ಹಾಸಿಗೆ ಹಿಡಿದು ತೀರಿಕೊಂಡಾಗಿನಿಂದ ಹನ್ನೊಂದು ವರ್ಷ ಇದು ತಪ್ಪಿಲ್ಲ. ಮೊದಲೇ ಕೊಟ್ಟಿದ್ದರೆ ಬದುಕುತ್ತಿದ್ದಳು ಎಂಬುದು ಅವರ ಎದೆಯಲ್ಲಿ ಕೂತುಬಿಟ್ಟಿದೆ. "ಇಷ್ಟು ಮಾತ್ರೆ ಆ ಹಳೇ ಡ್ರಿಲ್ಲಿಗೆ ಹಾಕಿದ್ರೆ ಅದಾದ್ರೂ ಓಡ್ತಿತ್ತು" ಎಂದು ವೆಲ್ಡರ್ ಅನ್ನುತ್ತಾನೆ. ಅನ್ನುವುದು ನುಂಗಿದ ಮೇಲೆ.

ಮೊದಲು ಬಲಗೈಗೆ ಮಾತ್ರ ಒಮ್ಮೊಮ್ಮೆ ಜೋಮು ಬರುತ್ತಿತ್ತು. ಮಾವನಿಗೆ ಹೇಳಿದೆ. ನರಕ್ಕೆ ಒಳ್ಳೆಯದೆಂದು ಇನ್ನೊಂದು ಜೋರಿನ ಮಾತ್ರೆ ಸೇರಿಸಿದರು. ಹೆಂಡತಿಗೂ ಹೇಳಿದೆ. ಅವಳು ಅಪ್ಪನನ್ನು ಕೇಳದೆ ಅಂಥದ್ದೇ ಇನ್ನೊಂದು ಡಬ್ಬಿ ತಂದು ಊಟವಾದ ಮೇಲೆ ಕೊಡತೊಡಗಿದಳು. ಯಾರದನ್ನು ಬೇಡವೆಂದರೂ ಅವರ ಮುಖ ಊದುತ್ತದೆ. ಎಂಟು ತಿಂಗಳು ಎಲ್ಲವನ್ನೂ ನುಂಗಿದೆ. ದಡ್ಡತನ ನನ್ನದೇ. ಜೋಮು ಎರಡೂ ಕೈಗೆ, ಪಾದಕ್ಕೆ ಇಳಿಯಿತು.

ಕೊನೆಗೆ ಹೋಗಿ ತೋರಿಸಿದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಡಬ್ಬಿಗಳನ್ನು ತಿರುಗಿಸಿ ನೋಡಿ ರೇಗಿದರು. ಕೊರತೆ ಇದ್ದವರಿಗೆ ಇದು ಔಷಧಿ, ನಿಮಗೆ ಯಾವ ಕೊರತೆಯೂ ಕಾಣುತ್ತಿಲ್ಲ. ಇದರಲ್ಲಿರುವ ಬಿ ಆರು ವಿಟಮಿನ್ ಅತಿಯಾದರೆ ನರವನ್ನೇ ಕೆಡಿಸುತ್ತದೆ, ಇವತ್ತೇ ನಿಲ್ಲಿಸಿದರೆ ಬೆರಳು ನಿಧಾನವಾಗಿ ಸರಿಹೋದೀತು ಎಂದರು. ಹೆಂಡತಿ ತನ್ನ ಡಬ್ಬಿಯನ್ನು ಆ ಸಂಜೆಯೇ ಬಿಸಾಡಿದಳು. ಅಪ್ಪನಿಗೆ ಹೇಳುವುದು ಮಾತ್ರ ತನ್ನಿಂದಾಗದು ಎಂದಳು.

ಮರುದಿನ ಸಾಲಿನಲ್ಲಿ ನನ್ನ ಸರದಿ ಬಂದಾಗ ನಾನು ಕೈ ಚಾಚಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. ದನಿ ಏರಿತು, ಮೆತ್ತಗೆ ಮಾತಾಡುವುದು ನನಗೆ ಬಂದದ್ದೇ ಇಲ್ಲ.

ಮಾವ ತಮ್ಮ ಅಂಗೈಯಲ್ಲಿದ್ದ ಮಾತ್ರೆಗಳನ್ನು ನೋಡಿದರು.

"ಹಾಗಾದ್ರೆ ನಿಮ್ಮತ್ತೆಗೆ ಕೊಟ್ಟಿದ್ರೂ ಅವಳು ಉಳೀತಿರ್ಲಿಲ್ಲ ಅಂತೀರಾ?"

ಹೌದೆಂದರೆ ಅವರ ಹನ್ನೊಂದು ವರ್ಷ ನೀರುಪಾಲು. ಉಳಿಯುತ್ತಿದ್ದರು ಎಂದರೆ ನಾನು ನುಂಗಬೇಕು.

"ಅತ್ತೆ ವಿಷಯ ನಂಗೆ ಗೊತ್ತಿಲ್ಲ ಮಾವ. ನನ್ನ ಬೆರಳು ಸತ್ತೋಗ್ತಿದೆ."

ಅವರು ಹಿಂದಿನ ದಿನ ನಾನೇ ಕಡೆದ ಶಾಫ್ಟು ತಂದು ಮುಂದೆ ಹಿಡಿದರು. ಹೆಬ್ಬೆರಳಾಡಿಸಿದೆ. ಏನೂ ತಿಳಿಯಲಿಲ್ಲ. ಗೊತ್ತಿಲ್ಲವೆನ್ನಲು ನಾಲಿಗೆ ಏಳಲಿಲ್ಲ.

"ನುಣುಪಾಗಿದೆ" ಎಂದೆ.

ವೆಲ್ಡರ್ ತಲೆ ತಗ್ಗಿಸಿದ. ಮಾವ ಅದನ್ನು ಬೆಳಕಿಗೆ ಹಿಡಿದಾಗ ನನಗೂ ಗೀರು ಕಂಡಿತು.

"ಒಂದು ಹೊತ್ತು ಬಿಟ್ಟಿದ್ದಕ್ಕೇ ಹೀಗಾಯ್ತಲ್ಲ ಅಳಿಯಂದಿರೇ" ಎಂದರು ಮಾವ. ಕಣ್ಣಲ್ಲಿ ನೀರಿತ್ತು. "ಇನ್ನೊಬ್ಬರನ್ನ ಕಳ್ಕೊಳ್ಳೋಕೆ ನನ್ನಿಂದಾಗಲ್ಲ."

ಬೈಯುವುದಕ್ಕೆಂದೇ ಬಾಯಿ ತೆರೆದೆ. ಮಾವ ಎರಡೂ ಮಾತ್ರೆಗಳನ್ನು ನನ್ನ ನಾಲಿಗೆಯ ಮೇಲಿಟ್ಟರು. ಉಗಿಯಬಹುದಿತ್ತು. ನುಂಗಿದೆ.

ಮಾವ ಹೋಗಿ ಮೇನ್ ಸ್ವಿಚ್ ಹಾಕಿದರು.